ಚಿನ್ನದ ಕೈಯ ಕಾರು

ಫೆಬ್ರವರಿ 6

ಹಳೆಯ ರಿಮೋಟ್ ಕಾರುಗಳ ಅಂಗಡಿಯವರಿಗೆ,

ನಮಸ್ಕಾರ. ಪತ್ರಿಕೆಯಲ್ಲಿ ನಿಮ್ಮ ಜಾಹೀರಾತು ನೋಡಿದೆ. ‘ಹಳೆಯ ರೇಡಿಯೋ ಕಾರುಗಳನ್ನು ಗುರುತಿಸಿ ಕೊಳ್ಳುತ್ತೇವೆ. ಕಿವಿ ಮಂದ, ಫೋನ್ ಮಾಡಬೇಡಿ, ಪತ್ರ ಬರೆಯಿರಿ’ ಎಂದಿತ್ತು. ಫೋನ್ ಬೇಡ ಎನ್ನುವ ಗಂಡಸನ್ನು ಕಂಡದ್ದು ಇದೇ ಮೊದಲು. ಅದಕ್ಕೇ ಬರೆಯುವ ಧೈರ್ಯ ಬಂತು.

ನನ್ನ ಹತ್ತಿರ ಒಂದು ಕಾರಿದೆ. ತೀರಿಕೊಂಡ ನನ್ನ ಗಂಡನದು. ಮೊಣಕೈಯಷ್ಟು ಉದ್ದ, ಮೈಯೆಲ್ಲ ಕಪ್ಪು, ಹಿಂದಿನ ಚಕ್ರ ದಪ್ಪ, ಮುಂದಿನವು ಸಣ್ಣ. ಫೋಟೋ ಇಟ್ಟಿದ್ದೇನೆ. ಇಲ್ಲಿನ ಆಟಿಕೆ ಅಂಗಡಿಯವನಿಗೆ ತೋರಿಸಿದೆ. ಅವನು ತಿರುಗಿಸಿ ಮುರುಗಿಸಿ ನೋಡಿ, “ತಲೆ ಒಂದರದ್ದು, ಬಾಲ ಇನ್ನೊಂದರದ್ದು, ಇದಕ್ಕೆ ಹೆಸರೇ ಇಲ್ಲ ಅಕ್ಕ” ಅಂದ. ಹೆಸರಿಲ್ಲದ ವಸ್ತುವನ್ನು ಯಾರೂ ಕೊಳ್ಳುವುದಿಲ್ಲವಂತೆ. ಇದು ಯಾವ ಕಾರು ಎಂದು ನೀವು ಹೇಳಿದರೆ ಮಾರಿಬಿಡುತ್ತೇನೆ.

ಬೆಲೆಯ ಆಸೆ ನನಗಿಲ್ಲ. ನಮ್ಮವರಿಗೆ ಹೆಂಡತಿ ಒಂದು ಕಡೆಯಾದರೆ ಈ ಕಾರು ಒಂದು ಕಡೆ, ತಕ್ಕಡಿ ಯಾವಾಗಲೂ ಕಾರಿನ ಕಡೆಗೇ ಇಳಿಯುತ್ತಿತ್ತು. ಹಾಗಾಗಿ ಅದು ಬಿಡಿಬಿಡಿಯಾಗಿ ಹೋದರೆ ನನಗೆ ಇನ್ನೂ ಸಂತೋಷ. ಒಂದು ಚಕ್ರ ಒಂದು ಊರಿಗೆ, ಇನ್ನೊಂದು ಚಕ್ರ ಇನ್ನೊಂದು ಊರಿಗೆ. ಯಾರೂ ಮತ್ತೆ ಜೋಡಿಸಬಾರದು. ನನ್ನ ನಾದಿನಿ ಅದನ್ನು ಕೇಳಿಕೊಂಡು ಬರುವುದಕ್ಕೆ ಶುರು ಮಾಡಿದ್ದಾಳೆ. ಆದ್ದರಿಂದ ಮೇಲಿನ ಅಂಚೆಪೆಟ್ಟಿಗೆಯ ನಂಬರಿಗೆ ಬೇಗ ಉತ್ತರಿಸಿ.

ಇಂತಿ,
ಕಾರಿನ ಈಗಿನ ಒಡತಿ


ಫೆಬ್ರವರಿ 12

ಅಮ್ಮಾ,

ಪತ್ರವೂ ಫೋಟೋವೂ ತಲುಪಿದವು. ಯಜಮಾನರು ತೀರಿಕೊಂಡ ಸುದ್ದಿ ಓದಿ ಸಂಕಟವಾಯಿತು. ನಿಮಗೆ ಧೈರ್ಯ ಸಿಗಲಿ.

ಹಳೆಯ ಕಾರನ್ನು ಗುರುತಿಸುವಾಗ ಮೇಲಿನ ಹೊದಿಕೆಯನ್ನು ನೋಡಲೇಬಾರದು. ಅದು ಅಂಗಿ ಇದ್ದಂತೆ, ಯಾರು ಬೇಕಾದರೂ ಬದಲಿಸಬಹುದು. ಬೋರಲು ಹಾಕಿ ಹೊಟ್ಟೆ ನೋಡಬೇಕು. ನೀವು ಬುದ್ಧಿವಂತರು, ಹೊಟ್ಟೆಯ ಫೋಟೋವನ್ನೇ ಕಳಿಸಿದ್ದೀರಿ. ತಳದ ತಟ್ಟೆ ದೋಣಿಯಂತೆ ಎರಡು ಬದಿಗೂ ಎದ್ದಿದೆಯಲ್ಲ, ಅದು ಒಂದು ಕಾಲದಲ್ಲಿ ಎಲ್ಲ ಅಂಗಡಿಗಳಲ್ಲೂ ಸಿಗುತ್ತಿದ್ದ ಮಣ್ಣಿನ ಹಾದಿಯ ಕಾರಿನದು. ಅದಕ್ಕೆ ಬೆಲೆ ಇಲ್ಲ. ಕುಲುಕು ತಡೆಯುವ ಶಾಕ್‌ಗಳನ್ನು ದೊಡ್ಡ ಲಾರಿ ಮಾದರಿಯೊಂದರಿಂದ ಕಿತ್ತು ಹಾಕಿದ್ದಾರೆ. ಮೋಟಾರಿನ ತಂತಿಯನ್ನು ಬಿಚ್ಚಿ ಹೊಸದಾಗಿ ಸುತ್ತಿದ್ದಾರೆ. ಇಷ್ಟು ಮಾಡುವವರು ಊರಿಗೆ ಹತ್ತು ಜನ ಇರುತ್ತಾರೆ.

ಆದರೆ ಚಕ್ರಗಳನ್ನು ತಟ್ಟೆಗೆ ಹಿಡಿದಿಡುವ ನಾಲ್ಕು ತೋಳುಗಳಿವೆಯಲ್ಲ, ಅವು ಯಾವ ಕಂಪನಿಯ ಅಚ್ಚಿನಲ್ಲೂ ಬಂದವಲ್ಲ. ಹಾಗಾಗಿ ಕೆಲವು ಪ್ರಶ್ನೆ. ತಟ್ಟೆಯ ಹಿಂದೆ ಎಡಬದಿಯಲ್ಲಿ ಅರ್ಧಚಂದ್ರದಂಥ ಗೀರು ಇದೆಯೇ? ಏರಿಯಲ್ ತಂತಿಯ ಬುಡಕ್ಕೆ ಹಸಿರು ಟೇಪು ಸುತ್ತಿದೆಯೇ? ಯಜಮಾನರು ಯಾವ ಕೆಲಸದಲ್ಲಿದ್ದರು, ಹೇಗೆ ತೀರಿಕೊಂಡರು? ಕೊನೆಯದನ್ನು ಕೇಳಿದ್ದಕ್ಕೆ ಕ್ಷಮಿಸಿ. ವಸ್ತುವಿನ ಚರಿತ್ರೆ ಗೊತ್ತಿದ್ದರೆ ಮಾರಾಟಕ್ಕೆ ಅನುಕೂಲ.

ಅಲ್ಲಿಯವರೆಗೆ ಬೇರೆ ಯಾರಿಗೂ ತೋರಿಸಬೇಡಿ.

ಇಂತಿ,
ಅಂಗಡಿಯವನು


ಫೆಬ್ರವರಿ 17

ಮಾನ್ಯರೇ,

ಗೀರು ಇದೆ. ಅರ್ಧಚಂದ್ರವೇ. ಹಸಿರು ಟೇಪೂ ಇದೆ. ಕೂತಲ್ಲೇ ಕಣಿ ಹೇಳಿದ ಹಾಗೆ ಹೇಳಿಬಿಟ್ಟಿರಲ್ಲ! ನಿಮ್ಮ ಮೇಲೆ ಗೌರವ ಬಂತು.

ನಮ್ಮವರು ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಹೋದ ವರ್ಷ ಒಂದು ದೊಡ್ಡ ಕಟ್ಟಡದಲ್ಲಿ ಲಿಫ್ಟು ಬಂದಿದೆ ಎಂದುಕೊಂಡು ಬಾಗಿಲು ತೆಗೆದು ಒಳಗೆ ಕಾಲಿಟ್ಟರು. ಬಂದಿರಲಿಲ್ಲ. ನೋವೇನೂ ಹೆಚ್ಚಾಗಲಿಲ್ಲವಂತೆ. ಅದೊಂದು ನನಗೆ ಕೊರಗು.

ಬದುಕಿದ್ದಾಗ ಅವರು ಬಹಳ ಶಿಸ್ತಿನ ಮನುಷ್ಯ. ಕಾರನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ನನ್ನ ಕೈ ಯಾವಾಗಲೂ ಒದ್ದೆ, ಮುಟ್ಟಿದರೆ ತುಕ್ಕು ಹಿಡಿಯುತ್ತದೆ ಎಂದು ದೂರ ಇಟ್ಟಿದ್ದರು. ಭಾನುವಾರ ಬೆಳಗ್ಗೆ ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಹೋದರೆ ಬರುತ್ತಿದ್ದುದು ಸಂಜೆಗೆ. ಎಲ್ಲಿಗೆ ಎಂದು ಕೇಳುವ ಹಾಗಿರಲಿಲ್ಲ. ಈಗ ನೋಡಿ, ಅದೇ ಕಾರನ್ನು ನಾನು ಒದ್ದೆ ಕೈಯಲ್ಲೇ ಹಿಡಿದುಕೊಂಡು ನಿಮಗೆ ಬರೆಯುತ್ತಿದ್ದೇನೆ.

ನಾದಿನಿ ನಿನ್ನೆ ಮತ್ತೆ ಬಂದಿದ್ದಳು. “ಅತ್ತಿಗೆ, ಅದನ್ನ ಇಟ್ಕೊಂಡು ನೀನೇನು ಮಾಡ್ತೀಯ, ಕೊಟ್ಬಿಡು” ಅಂತ ಪೀಡಿಸಿದಳು. ಮಾರಿಬಿಟ್ಟೆ ಎಂದು ಹೇಳಿ ಕಳಿಸಿದ್ದೇನೆ. ಆ ಮಾತು ಸುಳ್ಳಾಗದ ಹಾಗೆ ನೋಡಿಕೊಳ್ಳುವುದು ಈಗ ನಿಮ್ಮ ಕೈಯಲ್ಲಿದೆ.

ಇಂತಿ,
ಒಡತಿ


ಫೆಬ್ರವರಿ 22

ಅಮ್ಮಾ,

ನಿಮ್ಮ ವಿವರಗಳಿಂದ ಬಹಳ ಉಪಕಾರವಾಯಿತು. ಯಜಮಾನರ ಅಂತ್ಯ ಓದಿ ಕಣ್ಣು ತುಂಬಿತು.

ಕಾರನ್ನು ನಾನೇ ಕೊಳ್ಳುತ್ತೇನೆ. ನೀವು ಕೇಳಿದಷ್ಟು ಕೊಡುತ್ತೇನೆ. ಅಂಚೆಯಲ್ಲಿ ಕಳಿಸಬೇಡಿ, ದಾರಿಯಲ್ಲಿ ಏಟು ಬಿದ್ದೀತು. ನಾನೇ ಬಂದು ಒಯ್ಯುತ್ತೇನೆ. ನೀವು ಎಲ್ಲಿ ಸಿಗುತ್ತೀರಿ, ಯಾವ ಹೊತ್ತಿಗೆ ಖಂಡಿತ ಇರುತ್ತೀರಿ, ತಿಳಿಸಿ.

ಇಂತಿ,
ಅಂಗಡಿಯವನು


ಮಾರ್ಚ್ 5

ಅಂಗಡಿಯ ಸ್ವಾಮಿಗಳೇ,

ನಂಬಿ ವಿಳಾಸ ಕಳಿಸಿದೆ. ಬರುತ್ತೇನೆ ಎಂದವರು ನೀವು, ಬಂದವನು ಸತ್ತವನು.

ನಿನ್ನೆ ಮಧ್ಯಾಹ್ನ ನಾನು ಕೆಲಸದ ಮೇಜಿನ ಮುಂದೆ ಕೂತು ಮೇಣ ಕರಗಿಸುತ್ತಿದ್ದೆ. ಬಾಗಿಲು ತಳ್ಳಿಕೊಂಡು ನನ್ನ ಗಂಡ ಬಂದ. ಹಿಂದೆ ಒಬ್ಬ ಪೊಲೀಸಿನವನು. ಕೈಯಲ್ಲಿ ನೀವು ಬರೆದ ಕಾಗದ, ‘ನಿಮ್ಮ ಕಳುವಾದ ಕಾರು ಸಿಕ್ಕಿದೆ, ಒಬ್ಬ ಕಳ್ಳಿ ವಿಧವೆಯ ವೇಷ ಹಾಕಿ ಮಾರುತ್ತಿದ್ದಾಳೆ’ ಎಂದು. ವಿಳಾಸ ಓದಿದಾಗಲೇ ಅವನಿಗೆ ಕಳ್ಳಿ ಯಾರೆಂದು ಗೊತ್ತಾಗಿತ್ತು. ಆದರೂ ಪೊಲೀಸನ್ನು ಕರೆದುಕೊಂಡೇ ಬಂದಿದ್ದ. ನಾಲ್ಕು ಜನರೆದುರು ನನ್ನ ಮುಖಕ್ಕೆ ಮಸಿ ಬಳಿಯುವ ಅವಕಾಶವನ್ನು ಅವನು ಯಾಕೆ ಬಿಟ್ಟಾನು?

“ನನ್ನ ಕಾರಿಗೆ ನಿನ್ನ ಕೈ ತಾಗಬಾರದು ಅಂತ ಎಷ್ಟು ಸಲ ಹೇಳಿದೀನಿ?” ಅಂದ. ಅದೇ ಧ್ವನಿ. ಪೊಲೀಸಿನವನು ಕಳ್ಳಿ ಎಲ್ಲಿ ಎಂದು ಕೇಳಿದ. ನಾನು ಹೆಂಡತಿ ಎಂದು ಹೇಳಿದಾಗ ಆ ಬಡಪಾಯಿ ಒಮ್ಮೆ ಅವನ ಮುಖ ಒಮ್ಮೆ ನನ್ನ ಮುಖ ನೋಡಿ ಟೋಪಿ ತೆಗೆದ. ಗಂಡ ಹೆಂಡಿರ ಜಗಳದಲ್ಲಿ ತನ್ನ ಕೆಲಸವಿಲ್ಲ ಎಂದು ಹೊರಟವನು, ಬಾಗಿಲಲ್ಲಿ ತಿರುಗಿ ತನ್ನ ತಾಯಿಯ ಹಲ್ಲಿನ ಸೆಟ್ಟು ಸಡಿಲವಾಗಿದೆ, ಸರಿಮಾಡಿಕೊಡುತ್ತೀರಾ ಎಂದು ಕೇಳಿದ. ನನ್ನ ಕಸುಬು ಅದೇ. ಹಲ್ಲಿನ ಡಾಕ್ಟರರು ಅಳತೆ ತೆಗೆದು ಕಳಿಸುತ್ತಾರೆ, ನಾನು ಲ್ಯಾಬಿನಲ್ಲಿ ಕೂತು ಸೆಟ್ಟು ಕಟ್ಟುತ್ತೇನೆ.

ಕಾರು ಪ್ಲಾಸ್ಟರ್ ಪುಡಿಯ ಚೀಲದೊಳಗೆ ಕೂತಿತ್ತು. ಅವನು ಆ ಚೀಲದ ಮೇಲೇ ಕೈಯೂರಿಕೊಂಡು ನಿಂತು ನನ್ನನ್ನು ಬೈದ. ಅವನದೊಂದು ಕಾರು ಓಡಿಸುವವರ ಕ್ಲಬ್ಬಂತೆ, ಅದರ ವಾರ್ಷಿಕೋತ್ಸವದೊಳಗೆ ಕಾರು ಕೈಗೆ ಬರದಿದ್ದರೆ ನನ್ನನ್ನು ಬೀದಿಗೆ ಎಳೆಯುತ್ತಾನಂತೆ.

ಹೌದು, ನಾನು ಸುಳ್ಳು ಹೇಳಿದೆ. ಅವನು ಸತ್ತಿಲ್ಲ. ಒಂದು ದಿನ ಸೂಟ್‌ಕೇಸ್ ಹಿಡಿದುಕೊಂಡು, ಹಲ್ಲಿನ ವಾಸನೆಯ ಮನೆಯಲ್ಲಿ ಇನ್ನು ಇರಲಾರೆ ಎಂದು ಹೊರಟುಹೋದ. ಕಾರನ್ನು ಆಮೇಲೆ ಒಯ್ದರಾಯಿತು ಎಂದು ಕಪಾಟಿನಲ್ಲೇ ಬಿಟ್ಟ, ಅವಸರದಲ್ಲಿ ಅದರ ಬೀಗದಕೈ ಮರೆತ. ಅವನನ್ನು ಕಾಗದದ ಮೇಲಾದರೂ ಕೊಲ್ಲುವ ಸುಖ ನನಗೆ ಬೇಕಿತ್ತು, ಕೊಂದೆ. ಸತ್ತಾಗ ಬಹುವಚನ ಕೊಟ್ಟಿದ್ದೆ, ಬದುಕಿ ಬಂದಮೇಲೆ ಏಕವಚನ ಸಾಕು.

ನಿಮ್ಮದೊಂದು ತಿಳಿಯಲಿಲ್ಲ. ನೀವು ಅವನ ಬಂಟರೇ? ಅವನಿಗೆ ಉಪಕಾರ ಮಾಡಿ ನಿಮಗೆ ಸಿಕ್ಕಿದ್ದೇನು?

— ಕಳ್ಳಿ


ಮಾರ್ಚ್ 11

ಅಮ್ಮಾ,

ನಾಲಗೆ ಇಷ್ಟು ಹರಿತವಿದ್ದರೆ ಕಿವಿ ಮಂದ ಇರುವುದೇ ಲೇಸು. ತಪ್ಪಾಯಿತು. ಆದರೆ ನನ್ನ ಕಡೆಯದನ್ನೂ ಕೇಳಿ.

ನಿಮ್ಮ ಮೊದಲ ಪತ್ರದ ಫೋಟೋ ನೋಡಿದಾಗಲೇ ನನಗೆ ಕಾರಿನ ಗುರುತು ಹತ್ತಿತ್ತು. ಆ ಅರ್ಧಚಂದ್ರದ ಗೀರು ಬಿದ್ದದ್ದು ನನ್ನ ಕಾರಿನ ಮೂತಿ ತಾಗಿ. ಅದರ ಯಜಮಾನ ಅದರ ಹಿಂದಿನ ಭಾನುವಾರವಷ್ಟೇ ಕ್ಲಬ್ಬಿನಲ್ಲಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿ ಓಡಾಡುತ್ತ, ಕಾರು ಕಳುವಾಗಿದೆ ಎಂದು ಎಲ್ಲರ ಹತ್ತಿರ ಗೋಳಾಡುತ್ತಿದ್ದ. ಹೆಂಡತಿಯ ಮನೆಯಲ್ಲಿದೆ ಎಂದು ಬಾಯಿ ಬಿಡಲಿಲ್ಲ. ಹೆಂಡತಿ ಇದ್ದಾಳೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಹಾಗಿರುವಾಗ ಅವನನ್ನು ಲಿಫ್ಟಿನ ಗುಂಡಿಗೆ ಕೆಡವಿದ ಹೆಂಗಸನ್ನು ನಾನು ಏನೆಂದುಕೊಳ್ಳಲಿ?

ಅವನಿಗೆ ಉಪಕಾರ ಮಾಡುವುದಿರಲಿ, ಅವನ ಹೆಸರೆತ್ತಿದರೆ ನನಗೆ ಅನ್ನ ಸೇರುವುದಿಲ್ಲ. ನಮ್ಮ ಕ್ಲಬ್ಬಿನಲ್ಲಿ ‘ಸ್ವಂತ ಕೈ’ ಎಂಬ ಒಂದು ಪಂದ್ಯವಿದೆ. ಕಾರಿಗೆ ಏನೇ ಮಾರ್ಪಾಡು ಮಾಡಿದ್ದರೂ ಓಡಿಸುವವನೇ ತನ್ನ ಕೈಯಾರೆ ಮಾಡಿರಬೇಕು, ಅದೇ ಅದರ ಗತ್ತು. ನಿಮ್ಮ ಗಂಡ ವರ್ಷ ವರ್ಷವೂ ಅದನ್ನು ಗೆದ್ದ. ನಾನು ವರ್ಷ ವರ್ಷವೂ ಎರಡನೆಯವನಾದೆ. ನಮ್ಮ ಕಾರುಗಳು ತಿರುವಿನಲ್ಲಿ ಮುಗ್ಗರಿಸುತ್ತಿದ್ದವು, ಅವನದು ನೆಲಕ್ಕೆ ಅಂಟಿಕೊಂಡು ಹೋಗುತ್ತಿತ್ತು. ಅಷ್ಟೂ ಆ ನಾಲ್ಕು ತೋಳುಗಳ ಮಹಿಮೆ. ಜನ ಅವನನ್ನು ‘ಚಿನ್ನದ ಕೈ’ ಎಂದು ಕರೆದರು. ತೋಳುಗಳು ಅವನ ಕೈಯವಲ್ಲ ಎಂದು ನಾನು ಒಮ್ಮೆ ತಕರಾರು ಹಾಕಿದೆ. ಸಾಕ್ಷಿ ಕೇಳಿದರು, ಇರಲಿಲ್ಲ. ಎಲ್ಲರೆದುರು ಮೈಕಿನಲ್ಲಿ ಕ್ಷಮೆ ಕೇಳಿಸಿದರು. ಅಂದಿನಿಂದ ನನ್ನ ಹೆಸರು ‘ಹೊಟ್ಟೆಕಿಚ್ಚಪ್ಪ’. ನನ್ನ ಮೊಮ್ಮಗಳ ಗೆಳತಿಯರಿಗೂ ಆ ಹೆಸರು ಗೊತ್ತು.

ಕಳ್ಳಿಯನ್ನು ಕಾರಿನ ಸಮೇತ ಹಿಡಿಸಿದರೆ ಅದು ಗುರುತು ಹೇಳಲೆಂದು ಕ್ಲಬ್ಬಿನವರ ವಶಕ್ಕೆ ಬರುತ್ತದೆ, ಆಗ ತೋಳುಗಳನ್ನು ಬಿಚ್ಚಿ ಪರೀಕ್ಷೆ ಮಾಡಿಸಬಹುದು ಎಂಬುದು ನನ್ನ ಲೆಕ್ಕವಾಗಿತ್ತು. ಅದು ತಲೆಕೆಳಗಾಯಿತು.

ಈ ಪತ್ರದೊಂದಿಗೆ ಹತ್ತಿಯಲ್ಲಿ ಸುತ್ತಿದ ಒಂದು ಚೂರು ಇದೆ. ಒಂದು ಪಂದ್ಯದಲ್ಲಿ ಅವನ ಕಾರು ಕಲ್ಲಿಗೆ ಬಡಿದಾಗ ತೋಳಿನಿಂದ ಸಿಡಿದದ್ದು. ಯಾರಿಗೂ ಕಾಣದಂತೆ ಎತ್ತಿ ಇಟ್ಟುಕೊಂಡಿದ್ದೆ. ಕಪ್ಪು ಬಣ್ಣ ಕೆರೆದರೆ ಒಳಗೆ ಗುಲಾಬಿ, ಅದರೊಳಗೆ ಕೂದಲಿನಷ್ಟು ಸಣ್ಣ ಕೆಂಪು ಎಳೆಗಳು, ನಡುವೆ ಉಕ್ಕಿನ ಜಾಲರಿ. ಮೇಲ್ಮೈಯಲ್ಲಿ ಕಿತ್ತಳೆ ಸಿಪ್ಪೆಯಂತೆ ಸಣ್ಣ ಸಣ್ಣ ಚುಕ್ಕೆ. ಇಂಥ ಕೆಲಸ ನಾನು ಎಲ್ಲೂ ಕಂಡಿಲ್ಲ. ಹೊರದೇಶದ ಯಾರೋ ಮಹಾ ಕುಶಲಿಯಿಂದ ಗುಟ್ಟಾಗಿ ತರಿಸಿದ್ದಾನೆ. ನಿಮ್ಮ ಕಾರಿನ ತೋಳನ್ನು ಉಗುರಿನಿಂದ ಕೆರೆದು ಹೋಲಿಸಿ ನೋಡಿ.

ನಿಮಗೂ ಅವನ ಮೇಲೆ ಹಲ್ಲು ಮಸೆತವಿದೆ, ನನಗೂ ಇದೆ. ವಾರ್ಷಿಕೋತ್ಸವ ಏಪ್ರಿಲ್‌ನಲ್ಲಿ. ಆ ದಿನ ಅವನು ಆ ಕಾರನ್ನು ಓಡಿಸಿ ತೋರಿಸಿ, ನಂತರ ಅದನ್ನು ಕ್ಲಬ್ಬಿನ ಗಾಜಿನ ಕಪಾಟಿನಲ್ಲಿ ಇಡುತ್ತಾರೆ. ಅಷ್ಟರೊಳಗೆ ನಾವಿಬ್ಬರೂ ಸೇರಿದರೆ ಅವನ ಚಿನ್ನವನ್ನು ಒರೆಗೆ ಹಚ್ಚಬಹುದು.

ಇಂತಿ,
ಹೊಟ್ಟೆಕಿಚ್ಚಪ್ಪ


ಮಾರ್ಚ್ 16

ಮಾನ್ಯರೇ,

ಕೆರೆದೆ. ಕಪ್ಪಿನ ಕೆಳಗೆ ಗುಲಾಬಿ, ಗುಲಾಬಿಯೊಳಗೆ ಕೆಂಪು ಎಳೆ. ನಾಲ್ಕೂ ತೋಳುಗಳು ಹಾಗೇ.

ಅದು ಯಾವ ಹೊರದೇಶದ ಸರಕೂ ಅಲ್ಲ. ಅದು ವಸಡು. ಹಲ್ಲಿನ ಸೆಟ್ಟಿಗೆ ಹಾಕುವ ಗುಲಾಬಿ ಪುಡಿ. ನಿಜವಾದ ವಸಡಿನಲ್ಲಿ ಸಣ್ಣ ರಕ್ತನಾಳ ಕಾಣುತ್ತದಲ್ಲ, ಹಾಗೆ ಕಾಣಲಿ ಎಂದು ಅದರಲ್ಲಿ ಕೆಂಪು ಎಳೆ ಬೆರೆಸಿರುತ್ತಾರೆ. ಕೆಳದವಡೆಯ ಸೆಟ್ಟನ್ನು ಪದೇ ಪದೇ ಮುರಿದುಕೊಳ್ಳುವವರಿಗೆ ಒಳಗೆ ಉಕ್ಕಿನ ಜಾಲರಿ ಕೂರಿಸುತ್ತೇವೆ. ಆ ಕಿತ್ತಳೆ ಸಿಪ್ಪೆಯ ಚುಕ್ಕೆಗಳು ಆರೋಗ್ಯವಂತ ವಸಡಿನ ಮೇಲೆ ಇರುವಂಥವು. ಅವನ್ನು ಒಂದೊಂದಾಗಿ ಕೊಡದೆ ಕೆಲಸ ಮುಗಿಯಿತು ಎಂದು ನನ್ನ ಕೈ ಒಪ್ಪುವುದಿಲ್ಲ. ಕಾರಿನ ತೋಳಿಗೂ ವಸಡಿನ ಚುಕ್ಕೆ ಕೊಟ್ಟ ಹುಚ್ಚಿ ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಅವನು ಒಮ್ಮೆ ಮುರಿದ ಪ್ಲಾಸ್ಟಿಕ್ ತುಂಡೊಂದನ್ನು ತಂದು, ಲಿಫ್ಟಿನ ಬಾಗಿಲಿನ ಹಿಡಿ ಇದು, ಮುರಿಯದ ಹಾಗೆ ಮಾಡಿಕೊಡು ಎಂದಿದ್ದ. ಮದುವೆಯಾದಮೇಲೆ ಅವನು ನನ್ನ ಕೆಲಸದ ಬಗ್ಗೆ ಕೇಳಿದ್ದು ಅದೇ ಮೊದಲು. ಎಷ್ಟು ಹಿಗ್ಗಿದೆ ಗೊತ್ತೇ! ಅಗಿಯುವಾಗ ಒತ್ತಡ ಬೀಳುವ ಜಾಗವನ್ನು ದಪ್ಪ ಮಾಡಬೇಕು, ಉಳಿದದ್ದನ್ನು ತೆಳು ಬಿಡಬೇಕು. ಅದೇ ಲೆಕ್ಕ ಹಿಡಿದು ಆಕಾರವನ್ನೇ ಬದಲಿಸಿದೆ, ಸ್ವಲ್ಪ ಉದ್ದವನ್ನೂ ಮಾಡಿದೆ. ಡಾಕ್ಟರರ ಕೆಲಸ ಬದಿಗಿಟ್ಟು ಅದನ್ನು ಮುಗಿಸಿದೆ. ಕೊಟ್ಟ ವಾರವೇ ಬಂದು, “ನಿಂದು ಒಂದು ದಿನಾನೂ ಬಾಳಲಿಲ್ಲ, ಬಿಸಾಕಿದೆ. ಇನ್ನೂ ನಾಲ್ಕು ಮಾಡು, ನೋಡೋಣ” ಅಂದ. ಮಾಡಿದೆ. ಅವೂ ಹೋದವು ಎಂದ. ಮತ್ತೆ ಮಾಡಿದೆ. ಪ್ರತಿ ಸಲವೂ ನನ್ನ ಕೈಯಲ್ಲೇ ದೋಷ ಎಂದು ನಂಬಿ, ಹೊಸದನ್ನು ಇನ್ನಷ್ಟು ಚೆನ್ನಾಗಿ ಮಾಡಿದೆ. ಕೊನೆಗೆ ಕೈಗುಣವಿಲ್ಲದವಳು ಎಂಬ ಬಿರುದು ಕೊಟ್ಟು ಕೇಳುವುದನ್ನೇ ಬಿಟ್ಟ.

ಆ ಕೈಗುಣವಿಲ್ಲದ ಕೈಯನ್ನು ಅವನು ಕಪ್ಪು ಬಳಿದು ತನ್ನ ಕೈ ಎಂದು ಮೆರೆಸಿದ್ದಾನೆ. ಲಿಫ್ಟಿನ ಹಿಡಿಯೆಂದೇ ನಂಬಿದ್ದ ನನಗೆ ಕಾರಿನಡಿಯಲ್ಲಿ ಅದರ ಗುರುತೇ ಹತ್ತಲಿಲ್ಲ. ಚಿನ್ನದ ಕೈಯಂತೆ! ಉಂಡೂ ಹೋದ, ಕೊಂಡೂ ಹೋದ ಎಂದರೆ ಇದೇ. ಕೆರೆದ ತೋಳನ್ನು ಮೇಜಿನ ಮೇಲಿಟ್ಟುಕೊಂಡು ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ. ಅವನು ಬಿಟ್ಟುಹೋದಾಗಲೂ ಇಷ್ಟು ಅತ್ತಿರಲಿಲ್ಲ. ಆಮೇಲೆ ಸಿಟ್ಟು ಬಂತು, ಅದು ಇನ್ನೂ ಹೋಗಿಲ್ಲ.

ನಿಮಗೂ ಒಂದು ಮಾತು. ಅವನ ಕೈಯದಲ್ಲ ಎಂದು ನೀವು ಕಂಡುಕೊಂಡಿರಿ, ಸರಿ. ಆದರೆ ಆ ಕೈಯನ್ನು ಹುಡುಕಲು ಹೊರದೇಶದವರೆಗೆ ಹೋದಿರಿ. ಹಿತ್ತಲ ಗಿಡ ಮದ್ದಲ್ಲ.

ಕಾರನ್ನು ನಿಮಗೆ ಮಾರುವುದಿಲ್ಲ. ಅವನ ಕಾರನ್ನು ಅವನಿಗೇ ಕೊಟ್ಟುಬಿಡುತ್ತೇನೆ. ನೀವು ಕಳಿಸಿದ ಚೂರು ನನ್ನ ಹತ್ತಿರವೇ ಇರಲಿ.

ಇಂತಿ,
ಹಲ್ಲಿನ ಲ್ಯಾಬಿನವಳು


ಮಾರ್ಚ್ 21

ತಂಗೀ,

ನಿನ್ನ ಪತ್ರ ಓದಿ ಅನ್ನ ನೀರು ಬಿಟ್ಟು ಕೂತಿದ್ದೇನೆ. ತಂಗಿ ಎಂದು ಕರೆದೆ, ಏಕವಚನಕ್ಕೆ ಬೇಸರಿಸಬೇಡ. ಇಂಥ ಸಾಕ್ಷಿ ಕೈಯಲ್ಲಿ ಇಟ್ಟುಕೊಂಡು ಅವನಿಗೇ ಕೊಡುತ್ತೇನೆ ಅನ್ನುತ್ತೀಯಲ್ಲ!

ಎಷ್ಟಾದರೂ ಗಂಡ, ಕಣ್ಣೆದುರು ಬಂದು ನಿಂತಾಗ ಕರುಳು ಕರಗಿತು ಎಂದು ಕಾಣುತ್ತದೆ. ಹೆಂಗರುಳು ಹಾಗೇ. ಆದರೆ ಯೋಚಿಸು. ಕಾರು ಒಮ್ಮೆ ಗಾಜಿನ ಕಪಾಟು ಸೇರಿದರೆ ಆ ತೋಳುಗಳು ಎಂದೆಂದಿಗೂ ಅವನವೇ. ನೀನು ಕಟ್ಟಿದ್ದೆಂದು ಆಮೇಲೆ ಕಿರುಚಿದರೆ ನಿನ್ನನ್ನೂ ಹೊಟ್ಟೆಕಿಚ್ಚಿನವಳು ಎನ್ನುತ್ತಾರೆ. ಆ ಹೆಸರಿನ ರುಚಿ ನನಗೆ ಗೊತ್ತು. ಕಾರನ್ನು ತೆಗೆದುಕೊಂಡು ನೇರ ನನ್ನ ಅಂಗಡಿಗೆ ಬಾ. ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.

ಪತ್ರ ಹಾಕಲು ತಡವಾಗುತ್ತಿದೆ. ನಿಮ್ಮ ಕಡೆಯ ಹಲ್ಲಿನ ಡಾಕ್ಟರೊಬ್ಬರು ಮಗನ ಕಾರಿಗೆಂದು ಹಳೆಯ ದೋಣಿ ತಟ್ಟೆಯ ಕಂಪನಿ ತೋಳುಗಳನ್ನು ಒಂದು ಜೊತೆ ತರಿಸಿಕೊಳ್ಳುತ್ತಿದ್ದಾರೆ, ಅದನ್ನೂ ಕಟ್ಟಬೇಕು. ಯಾರಿಗೂ ಬೇಡದ ಬಿಳಿ ಪ್ಲಾಸ್ಟಿಕ್ಕು, ಧೂಳು ಹಿಡಿದು ಬಿದ್ದಿತ್ತು.

ದಯವಿಟ್ಟು ಉತ್ತರ ಬರೆ.

ಇಂತಿ,
ನಿನ್ನ ಅಣ್ಣನೆಂದು ತಿಳಿ


ಏಪ್ರಿಲ್ 11

ತಂಗೀ,

ನಿನ್ನಿಂದ ಕಾಗದವಿಲ್ಲ. ಇವತ್ತು ಸಂಜೆ ನಿನ್ನ ನಾದಿನಿ ಕಾರನ್ನು ಬಟ್ಟೆಯಲ್ಲಿ ಸುತ್ತಿ ಕ್ಲಬ್ಬಿಗೆ ತಂದುಕೊಟ್ಟಳು. ಚಿನ್ನದ ಕೈ ಅದನ್ನು ತಲೆಯ ಮೇಲೆತ್ತಿ ಎಲ್ಲರಿಗೂ ತೋರಿಸಿದ. ಅದೇ ಕಪ್ಪು ಮೈ, ಅದೇ ಕಪ್ಪು ತೋಳು. “ಅವಳಿಗೆ ಕೊನೆಗೂ ಬುದ್ಧಿ ಬಂತು” ಅಂದ.

ನಾಳೆ ವಾರ್ಷಿಕೋತ್ಸವ. ನಾನು ಹೋಗುವುದಿಲ್ಲ ಎಂದುಕೊಂಡಿದ್ದೇನೆ. ತಕರಾರು ಹಾಕಿದಾಗ ಅವನು ನನ್ನನ್ನು ಒಮ್ಮೆ ಸೋಲಿಸಿದ್ದ, ಎರಡನೇ ಸಲ ಸೋಲಿಸಿದವಳು ನೀನು. ಇನ್ನು ಮುಂದೆ ನನಗೆ ಬರೆಯಬೇಡ.

— ಅಂಗಡಿಯವನು


ಏಪ್ರಿಲ್ 13

ತಂಗೀ, ತಾಯೀ, ಏನೆಂದು ಕರೆಯಲಿ ನಿನ್ನನ್ನು!

ಮನಸ್ಸು ತಡೆಯದೆ ಹೋದೆ. ಮೈದಾನದ ತುಂಬ ಜನ. ಅಧ್ಯಕ್ಷರು ಚಿನ್ನದ ಕೈಯನ್ನು ಹೊಗಳಿ ಹೊಗಳಿ ಬೆವರಿದರು. ಅವನು ರೇಡಿಯೋ ಹಿಡಿದು, ಏರಿಯಲ್ ಎಳೆದು, ಕಾರನ್ನು ಬಿಟ್ಟ. ನೇರ ದಾರಿಯಲ್ಲಿ ಬಾಣದ ಹಾಗೆ ಹೋಯಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಮೊದಲ ತಿರುವಿನಲ್ಲಿ ಕಾರು ಅಂಗಾತ ಬಿದ್ದಿತ್ತು, ಚಕ್ರಗಳು ಆಕಾಶಕ್ಕೆ ತಿರುಗುತ್ತಿದ್ದವು. ಯಾರೋ ನಕ್ಕರು. ನೆಟ್ಟಗೆ ಮಾಡಿ ಮತ್ತೆ ಬಿಟ್ಟ. ಮತ್ತೆ ಬಿತ್ತು. ಮೂರನೇ ಸಲ ಎದುರಿನ ಕಲ್ಲಿಗೆ ಬಡಿದು ಮುಂದಿನ ತೋಳು ಲಟಕ್ಕೆಂದು ಮುರಿಯಿತು.

ಸ್ವಂತ ಕೈ ಪಂದ್ಯದಲ್ಲಿ ಒಂದು ಪದ್ಧತಿಯಿದೆ. ಮುರಿದದ್ದನ್ನು ಜೇಬಿನಿಂದ ತೆಗೆದು ಹಾಕಬಹುದು, ಜೇಬಿನಲ್ಲಿ ಇಲ್ಲದಿದ್ದರೆ ಡೇರೆಯ ಕೆಳಗಿನ ಮೇಜಿನ ಮೇಲೆ ಅಲ್ಲೇ ಮಾಡಿಕೊಳ್ಳಬೇಕು. ಹಿಂದೆಲ್ಲ ಅವನ ಜೇಬು ತುಂಬಿರುತ್ತಿತ್ತು. ನಿನ್ನ ‘ಇನ್ನೂ ನಾಲ್ಕು’ ಎಲ್ಲಿಗೆ ಹೋಗುತ್ತಿದ್ದವೆಂದು ಈಗ ಗೊತ್ತಾಯಿತು. ನಿನ್ನೆ ಜೇಬು ಬರಿದು. ಅಧ್ಯಕ್ಷರು, ಹುಡುಗರಿಗೂ ಪಾಠವಾಗುತ್ತದೆ, ಒಂದು ತೋಳು ಮಾಡಿ ತೋರಿಸಿ ಎಂದು ಅವನನ್ನು ಕೈಹಿಡಿದು ಮೇಜಿಗೆ ಕರೆದೊಯ್ದರು. ಸುತ್ತ ಜನ ನಿಂತರು. ಅವನು ಅರ ಎತ್ತಿಕೊಂಡ, ಇಟ್ಟ. ಗರಗಸ ಎತ್ತಿಕೊಂಡ, ಇಟ್ಟ. ಕಣ್ಣು ಮಂಜಾಗಿದೆ ಎಂದ. ಸಾಮಾನು ಮನೆಯಲ್ಲಿದೆ ಎಂದ. ಜನ ಒಬ್ಬೊಬ್ಬರಾಗಿ ಬೇರೆ ಕಡೆ ನೋಡತೊಡಗಿದರು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮುರಿದ ತೋಳನ್ನು ಎತ್ತಿ ನೋಡಿದೆ. ಕಪ್ಪಿನ ಕೆಳಗೆ ಬಿಳಿ. ತಟ್ಟೆಗೆ ಸೇರುವ ತುದಿಯಲ್ಲಿ ನೀಲಿ ಪೆನ್ಸಿಲಿನ ಗೀರು. ನಾನು ಮಾರುವ ಪ್ರತಿ ಬಿಡಿಭಾಗಕ್ಕೂ ನಾನೇ ಹಾಕುವ ಗೀರು. ಹಲ್ಲಿನ ಡಾಕ್ಟರರ ಮಗ ಯಾರೆಂದು ಆಗ ಹೊಳೆಯಿತು. ಭೇಷ್!

ಆಮೇಲೆ ಮೈಕು ಕಸಿದುಕೊಂಡೆ. “ಅದು ಅವನ ಕೈಯದಲ್ಲ ಅಂತ ನಾನು ಅವತ್ತೇ ಹೇಳಿದ್ದೆ. ನನ್ನ ಕ್ಷಮೆ ನನಗೆ ವಾಪಸ್ ಕೊಡಿ” ಅಂದೆ. ಅಧ್ಯಕ್ಷರು ಎಲ್ಲರೆದುರು ನನ್ನಲ್ಲಿ ಕ್ಷಮೆ ಕೇಳಿದರು. ಜನ ಚಪ್ಪಾಳೆ ತಟ್ಟಿದರು. ಮುಂದಿನ ತಿಂಗಳ ಕೂಟದೊಳಗೆ ತೋಳು ಮಾಡಿ ತೋರಿಸದಿದ್ದರೆ ಅವನ ಗೆಲುವುಗಳನ್ನೆಲ್ಲ ಫಲಕದಿಂದ ಅಳಿಸುತ್ತಾರೆ. ಹಾಗಾದರೆ ಯಾರ ಕೈ ಎಂದು ಕೆಲವರು ಕೇಳಿದರು. ಕಾಲ ಬಂದಾಗ ಹೇಳುತ್ತೇನೆ ಎಂದು ಗತ್ತಿನಲ್ಲಿ ಇಳಿದುಬಂದೆ.

ಈಗ ಆ ಗುಲಾಬಿ ತೋಳುಗಳನ್ನು ನನಗೆ ಮಾರಿಬಿಡು. ಅಂಗಡಿಯ ಕಿಟಕಿಯಲ್ಲಿಟ್ಟು ‘ಚಿನ್ನದ ಕೈಯ ಸುಳ್ಳು’ ಎಂದು ಹಲಗೆ ಹಾಕುತ್ತೇನೆ. ಹೋಗಿ ಬರುವವರೆಲ್ಲ ನೋಡಲಿ.

ಇಂತಿ,
ನಿನ್ನ ಅಣ್ಣ


ಏಪ್ರಿಲ್ 20

ಮಾನ್ಯರೇ,

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಕಾರು ಅಂಗಾತ ಬಿದ್ದ ಜಾಗದಲ್ಲಿ ಪ್ರತಿ ಸಲವೂ ನಿಂತು ಸುಖಪಟ್ಟೆ. ನನ್ನ ಕರುಳು ಕರಗಿತು ಎಂದಿರಲ್ಲ, ಈಗ ಎಲ್ಲಿದೆ ನೋಡಿ. ಅವನ ತಟ್ಟೆ, ಅವನ ಮೋಟಾರು, ಅವನ ಶಾಕು, ಒಂದು ತಿರುಪನ್ನೂ ಇಟ್ಟುಕೊಳ್ಳದೆ ವಾಪಸ್ ಕೊಟ್ಟೆ. ನನ್ನ ಕೈಯನ್ನು ಮಾತ್ರ ನಾನು ಬಿಚ್ಚಿಕೊಂಡೆ, ಡಾಕ್ಟರರ ಹೆಸರಲ್ಲಿ ತರಿಸಿದ ನಿಮ್ಮ ಬಿಳಿ ತೋಳುಗಳಿಗೆ ಕಪ್ಪು ಬಳಿದು ಆ ಜಾಗದಲ್ಲಿ ಕೂರಿಸಿದೆ. ಓಡಿಸಿ ನೋಡಲು ಹೊತ್ತಿರಬಾರದೆಂದು, ತನ್ನ ಅಣ್ಣನ ಕೈಗೆ ಕಾರು ಸಿಗುವುದು ವಾರ್ಷಿಕೋತ್ಸವದ ಹಿಂದಿನ ಸಂಜೆಗಿಂತ ಮೊದಲಾಗದಂತೆ ನೋಡಿಕೊಂಡವಳು ನನ್ನ ನಾದಿನಿ. ಅವಳ ಮುಂದೆ ತೋಳು ಕೆರೆದು ತೋರಿಸಿದ್ದೆ. ಮನೆಯಲ್ಲಿ ಅವನ ಕೈಕೆಳಗೆ ಬೆಳೆದವಳು, ಅವಳಿಗೂ ಹೇಳಿಕೊಳ್ಳದ ಲೆಕ್ಕಗಳಿದ್ದವು.

ನಿಮ್ಮ ಪತ್ರದಲ್ಲಿ ಒಂದು ಸಾಲನ್ನು ಹುಡುಕಿದೆ, ಸಿಗಲಿಲ್ಲ. ಮೈಕು ನಿಮ್ಮ ಕೈಯಲ್ಲಿತ್ತು. ಜನ ಯಾರ ಕೈ ಎಂದು ಕೇಳಿದರು. ನಿಮಗೆ ಗೊತ್ತಿತ್ತು. ನಿಮ್ಮ ಕ್ಷಮೆಯನ್ನು ಬಡ್ಡಿ ಸಮೇತ ವಸೂಲು ಮಾಡಿಕೊಂಡು ಇಳಿದುಬಂದಿರಿ. ಅವನು ನನ್ನ ಕೆಲಸಕ್ಕೆ ಕಪ್ಪು ಬಳಿದ. ನೀವು ಅದಕ್ಕೆ ಅವನ ಹೆಸರಿನ ಹಲಗೆ ಹಾಕಿ ಕಿಟಕಿಯಲ್ಲಿ ಇಡುತ್ತೇನೆ ಅನ್ನುತ್ತೀರಿ. ನನಗೆ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ, ಅಣ್ಣ.

ಮೊನ್ನೆ ಅವನು ಬಂದಿದ್ದ. ಪೊಲೀಸಿನವನಿಲ್ಲ, ಗತ್ತೂ ಇಲ್ಲ. ಚೀಟಿ ಹಿಡಿದು ಸೆಟ್ಟು ಸರಿಮಾಡಿಸಲು ಬಂದ ಮುದುಕರ ಸಾಲಿನಲ್ಲಿ, ಆ ಪೊಲೀಸಿನವನ ತಾಯಿಯ ಪಕ್ಕದಲ್ಲೇ, ಬೆಂಚಿನ ತುದಿಯಲ್ಲಿ ಕೂತು ತನ್ನ ಸರದಿ ಕಾದ. ಕಾಯಲಿ ಎಂದು ನಾನೂ ಬಿಟ್ಟೆ. ಎಲ್ಲರೂ ಹೋದಮೇಲೆ ಮೇಜಿನ ಹತ್ತಿರ ಬಂದು ಧ್ವನಿ ತಗ್ಗಿಸಿದ.

“ಒಂದು ಜೊತೆ ಮಾಡ್ಕೊಡು. ಯಾರಿಗೂ ಗೊತ್ತಾಗಲ್ಲ.”

ಯಾರಿಗೂ ಗೊತ್ತಾಗುವುದಿಲ್ಲ ಎಂಬುದನ್ನು ಅವನು ಆಸೆ ತೋರಿಸುವ ಹಾಗೆ ಹೇಳಿದ. ಮೊದಲಾಗಿದ್ದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಮಾಡಿಕೊಡುತ್ತಿದ್ದೆ.

ಲ್ಯಾಬಿನಲ್ಲಿ ಡಾಕ್ಟರರ ಚೀಟಿ ಇಲ್ಲದೆ ಕೆಲಸ ಹಿಡಿಯುವುದಿಲ್ಲ, ಅದು ನಮ್ಮ ಕಸುಬಿನ ಕಟ್ಟು ಎಂದು ಹೇಳಿದೆ. ಯಾರಿಗೆ, ಯಾತಕ್ಕೆ, ಮಾಡುವವರು ಯಾರು, ಮೂರೂ ಚೀಟಿಯಲ್ಲಿ ಇರಬೇಕು. ಅವನ ಕೆಲಸಕ್ಕೆ ಡಾಕ್ಟರರು ಕ್ಲಬ್ಬಿನ ಅಧ್ಯಕ್ಷರು. ಅವರಿಂದ ಬರೆಸಿ, ಸಹಿ ಹಾಕಿಸಿ, ಸಭೆಯಲ್ಲಿ ಓದಿಸಿ ತರಬೇಕು ಎಂದೆ. ಅವನು ನನ್ನ ಕೈಯನ್ನು ನೋಡಿದ. ಆಗಲೂ ಒದ್ದೆಯಾಗಿಯೇ ಇತ್ತು.

“ಮಾಡುವವರು ಯಾರು ಅನ್ನೋ ಕಡೆ ಏನಂತ ಬರೆಸ್ಲಿ?” ಅಂದ.

“ನಿಮಗೆ ಗೊತ್ತಿರೋದನ್ನ” ಅಂದೆ.

ಹೋದವನು ಇನ್ನೂ ಬಂದಿಲ್ಲ. ಬರೆಸಿದರೆ ಅವನ ಗೆಲುವುಗಳು ಹೋಗುತ್ತವೆ, ಬರೆಸದಿದ್ದರೂ ಹೋಗುತ್ತವೆ. ಅವನಿಗೆ ಈಗ ನಿದ್ದೆ ಬರುತ್ತಿಲ್ಲವಂತೆ, ನಾದಿನಿ ಹೇಳಿದಳು. ನನಗೆ ಚೆನ್ನಾಗಿ ಬರುತ್ತಿದೆ.

ನೀವೂ ಚೀಟಿ ತನ್ನಿ. ನೀವು ಯಾರಿಂದ ಮೈಕು ಕಸಿದುಕೊಂಡಿರೋ ಅವರ ಎದುರಿಗೇ ಅದನ್ನು ಓದಿ ತನ್ನಿ. ಅಲ್ಲಿಯವರೆಗೆ ಮಾರಾಟವಿಲ್ಲ. ಇದು ಯಾವ ಕಾರು ಎಂದು ನಾನು ಮೊದಲ ಪತ್ರದಲ್ಲಿ ಕೇಳಿದ್ದೆ, ನೀವು ಅರ್ಧ ಮಾತ್ರ ಹೇಳಿದಿರಿ. ಹಲಗೆಗೆ ಬೇಕಾದರೆ ಉಳಿದರ್ಧವನ್ನು ನಾನೇ ಬರೆದುಕೊಡುತ್ತೇನೆ: ತಟ್ಟೆ ಅಂಗಡಿಯದು, ಶಾಕು ಲಾರಿಯದು, ಮೋಟಾರು ಗಂಡನದು, ತೋಳು ಹಲ್ಲು ಕಟ್ಟುವವಳದು.

ತೋಳುಗಳ ಕಪ್ಪನ್ನೆಲ್ಲ ಕೆರೆದು, ಉಜ್ಜಿ, ಹೊಳಪು ಕೊಟ್ಟಿದ್ದೇನೆ. ನಿಮ್ಮ ಚೂರನ್ನೂ ಸೇರಿಸಿ ಬೆಸೆದಿದ್ದೇನೆ, ಬೆಸುಗೆ ಕಾಣುವುದಿಲ್ಲ. ಯಾರ ಬಾಯಿಗೂ ಇನ್ನೂ ಕೂರಿಸದ ಸೆಟ್ಟನ್ನು ಒಣಗಲು ಬಿಡಬಾರದು, ಸೊಟ್ಟಗಾಗುತ್ತದೆ. ಅದಕ್ಕೇ ಬೀದಿಗೆ ಕಾಣುವ ಕಿಟಕಿಯಲ್ಲಿ, ಗಾಜಿನ ಬಟ್ಟಲಿನ ನೀರಿನಲ್ಲಿ ಇಟ್ಟಿದ್ದೇನೆ. ಹೋಗಿ ಬರುವವರು ನಿಂತು ನೋಡಿ, ಇದೇನು ಎಂದು ಕೇಳುತ್ತಾರೆ. ನಾನು ಮಾಡಿದ್ದು ಎನ್ನುತ್ತೇನೆ.

ಇಂತಿ,
ಮಾಡಿದವಳು